ಉತ್ತರ ಗೋಡೆಯ ಪಾಚಿ

ಜೂನ್ ೪, ಮಂಗಳವಾರ

ಯಾರದೋ ಸಮಾಧಿ ಕಲ್ಲು ತೊಳೆಯುತ್ತಿದ್ದೆ. ಕೈಯೆಲ್ಲ ಒದ್ದೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು "ಹಲೋ" ಅಂದೆ.

"ಹಳೇ ಕಟ್ಟಡಗಳ ಇಲಾಖೆಯ ನಿರ್ದೇಶಕಿ ಮಾತಾಡ್ತಿರೋದು. ನ್ಯಾಯಾಲಯದ ಉತ್ತರ ಗೋಡೆ ಮತ್ತೆ ಹಸಿರಾಗಿದೆ. ಲೇಪ ಹಾಕಿ ಎರಡೇ ವರ್ಷ ಆಗಿರೋದು. ತಪ್ಪು ಲೇಪದ್ದೋ ಮಳೆಯದ್ದೋ ಹೊರಗಿನವರು ಯಾರಾದರೂ ನೋಡಿ ಹೇಳ್ಬೇಕು."

"ಯಾರ ಲೇಪ?"

"ಮೇಷ್ಟ್ರದ್ದು."

ಬ್ರಷ್ಷು ಬಕೆಟ್ಟಿಗೆ ಬಿತ್ತು.

"ನಿಮಗೂ ಅವರಿಗೂ ಹಿಂದೆ ಏನೋ ಆಗಿತ್ತಂತೆ, ಕಡತದಲ್ಲಿ ಓದಿದೆ. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ. ಇಲ್ಲಿ ಉಳಿದವರೆಲ್ಲ ಅವರ ಶಿಷ್ಯರು, ಬಾಯೇ ಬಿಡಲ್ಲ" ಅಂದರು ಆಕೆ.

ನಾನೂ ಶಿಷ್ಯೆಯೇ. ಕಲ್ಲನ್ನು ಹೇಗೆ ನೋಡಬೇಕು, ಹೇಗೆ ಮುಟ್ಟಬೇಕು ಅಂತ ಕಲಿಸಿದವನು ಅವನೇ. ಗ್ರಂಥಾಲಯದ ಬಾಗಿಲ ಮೇಲೆ ಹದಿನಾಲ್ಕು ಕೆತ್ತನೆಯ ಮುಖಗಳಿದ್ದವು. ಉದ್ಘಾಟನೆಗೆ ನಾಲ್ಕು ದಿನ ಬಾಕಿ, ಮುಖಗಳ ಮೇಲೆ ಕಪ್ಪು ಪಾಚಿ ಹಠ ಹಿಡಿದು ಕೂತಿತ್ತು. "ಆಸಿಡ್ ಮೂರು ಪಟ್ಟು ಮಾಡು" ಅಂದ. "ಸುಣ್ಣಕಲ್ಲು ಸರ್, ತಡೆಯಲ್ಲ" ಅಂದೆ. "ನಿನಗೇನು ಗೊತ್ತು, ಹೇಳಿದ್ದು ಮಾಡು" ಅಂದ. ಮಾಡಿದೆ. ಪಾಚಿ ಹೋಯಿತು. ಜತೆಗೆ ಮೂಗು, ತುಟಿ, ರೆಪ್ಪೆ ಎಲ್ಲ ಹೋದವು. ವಿಚಾರಣೆಯಲ್ಲಿ ಅವನು ಹೇಳಿದ್ದು ಒಂದೇ ವಾಕ್ಯ: "ಹುಡುಗಿ ಅಳತೆ ತಪ್ಪಿದಳು." ಹುಡುಗಿಯಂತೆ! ನನಗಾಗ ಮೂವತ್ತಾರು.

ಅದಾಗಿ ಹನ್ನೊಂದು ವರ್ಷ. ಅಂದಿನಿಂದ ಸಮಾಧಿ ಕಲ್ಲು, ಮನೆ ಮೆಟ್ಟಿಲು, ಅಂಗಡಿ ಮುಂದಿನ ಹಾಸುಗಲ್ಲು ಇವೇ ನನ್ನ ಪಾಲಿಗೆ.

ಅತ್ತೆಗೆ ಹೇಳಿದೆ. ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು, ಮನೆಯಲ್ಲಿ ಈಗ ನಾವಿಬ್ಬರೇ. "ಹೋಗು, ಆದ್ರೆ ಮುಖ ಹಾಗೆ ಮಾಡ್ಕೊಂಡು ಹೋಗ್ಬೇಡ. ಹಲ್ಲುನೋವು ಅನ್ಕೋತಾರೆ" ಅಂದರು.

ಜೂನ್ ೭, ಶುಕ್ರವಾರ

ಗೋಡೆ ನೋಡಿದೆ. ಕಣ್ಣಿಗೆ ಹಬ್ಬ!

ಉತ್ತರದ ಗೋಡೆ, ಬಿಸಿಲು ಸೋಕುವುದೇ ಇಲ್ಲ. ಸೂರಿನ ಅಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿ ಮೂರನೇ ಕಿಟಕಿಯ ಮೇಲೆ ಬಿರುಕುಬಿಟ್ಟಿದೆ. ಅಲ್ಲಿಂದ ಕೆಳಕ್ಕೆ ಮೊದಲು ಕಪ್ಪು, ಆಮೇಲೆ ಹಸಿರು, ನೆಲದ ಹತ್ತಿರ ಗುಲಾಬಿ ಬಣ್ಣದ ಕಲೆ. ಕಿಟಕಿಯ ಚೌಕಟ್ಟಿನ ಮೇಲೆ ಬೂದು ಕಲ್ಲುಹೂವು ದುಂಡಗೆ ಅಂಟಿಕೊಂಡಿದೆ. ಅದು ಬರೀ ಮೇಲೆ ಕೂರುವ ಜೀವವಲ್ಲ, ಬೇರಿನಂಥ ಎಳೆಗಳನ್ನು ಕಲ್ಲಿನೊಳಕ್ಕೇ ಇಳಿಬಿಡುತ್ತದೆ.

ಲೇಪದ ಕಥೆಯನ್ನು ಹೆಬ್ಬೆರಳೇ ಹೇಳಿತು. ಕಲ್ಲು ಹೊರಗಿನ ನೀರು ಕುಡಿಯದಿರಲಿ ಅಂತ ಅವನು ಒಂದು ಮೂಲೆ ಬಿಟ್ಟು ಇಡೀ ಗೋಡೆಗೆ ಒಂದು ಪೊರೆ ಬಳಿದಿದ್ದ. ಕಲ್ಲಿನ ಸಂದಿಗಳಿಂದ ನೀರು ಹೇಗೂ ಒಳಗೆ ಹೋಗಿದೆ, ಹೋದದ್ದಕ್ಕೆ ಹೊರಗೆ ಬರಲು ದಾರಿಯಿಲ್ಲ. ಒತ್ತಿದೆ. ಕಲ್ಲಿನ ಮೇಲ್ಮೈ ಬಿಸಿಲಿಗೆ ಬೆಂದ ಚರ್ಮದ ಹಾಗೆ ಸುಲಿದು ಬಂತು.

ಬೊಂಬಿನ ಸಾರುವೆ ಕಟ್ಟಲು ಬಂದವರು ಏಣಿ, ಇಲಾಖೆಯ ಹಳೇ ಕೆಲಸಗಾರರು. ಗ್ರಂಥಾಲಯದಲ್ಲಿ ಆವತ್ತೂ ಅವರೇ. ಆಸಿಡ್ಡಿನ ಡ್ರಮ್ಮು ಮೇಲಕ್ಕೆ ಹೊತ್ತದ್ದು ಅವರು, ಆ ಮನುಷ್ಯ "ಮೂರು ಪಟ್ಟು" ಅಂದಾಗ ಪಕ್ಕದಲ್ಲೇ ನಿಂತಿದ್ದರು. ವಿಚಾರಣೆಯಲ್ಲಿ "ನಾನು ಆ ಕಡೆ ಇದ್ದೆ, ಕೇಳಿಸ್ಲಿಲ್ಲ" ಅಂದರು. ಈಗ ಕೂದಲು ಉದುರಿದೆ, ಉದ್ದ ಮಾತ್ರ ಹಾಗೇ ಇದೆ. ಇಡೀ ಇಲಾಖೆ ಅವರನ್ನು ಏಣಿ ಅಂತಲೇ ಕರೆಯುವುದು.

"ಚೆನ್ನಾಗಿದೀರಾ ಮೇಡಂ?"

"ನೀವು ಚೆನ್ನಾಗಿದೀರಲ್ಲ, ಅಷ್ಟು ಸಾಕು" ಅಂದೆ.

ಅವರಿಗೆ ತಟ್ಟಿತು. ತಟ್ಟಲಿ.

ಜೂನ್ ೧೧, ಮಂಗಳವಾರ

ಇಲಾಖೆಯ ಸಮಿತಿಯವರಿಗೆ ನನ್ನ ಹೆಬ್ಬೆರಳ ಸಾಕ್ಷಿ ಸಾಲದಂತೆ. "ದೋಣಿ ಸೋರಿದ್ದಕ್ಕೆ ಲೇಪ ಏನು ಮಾಡುತ್ತೆ?" ಅಂತ ಒಬ್ಬರು ಕೇಳಿದರಂತೆ. ಆಗಸ್ಟಿನಲ್ಲಿ ಅದೇ ಲೇಪಕ್ಕಾಗಿ ಅವನಿಗೆ ಪದಕ ಬೇರೆ ಕೊಡುತ್ತಾರೆ. ಆಮೇಲೆ ಇನ್ನೂ ಏಳು ಕಟ್ಟಡಗಳಿಗೆ ಅದನ್ನೇ ಬಳಿಯುವುದು ಅಂತ ತೀರ್ಮಾನವಾಗಿದೆ.

ಅದಕ್ಕೆ ಪರೀಕ್ಷೆ. ದೋಣಿಯಿಂದ ದೂರ, ಇದುವರೆಗೆ ಲೇಪ ಕಾಣದ ಗೋಡೆಯ ಮೂಲೆಯಲ್ಲಿ ಒಂಬತ್ತು ಚೌಕ, ಒಂದೊಂದೂ ಮೊಳದಗಲ. ಮೂರಕ್ಕೆ ಅವನ ಮದ್ದು: ಕಟುವಾದ ಪಾಚಿನಾಶಕ, ಮೇಲೆ ಪೊರೆ. ಮೂರಕ್ಕೆ ನನ್ನದು: ತೆಳುವಾದ ಪಾಚಿನಾಶಕ, ಸತ್ತ ಪಾಚಿಯನ್ನು ಮೆತ್ತನೆ ಬ್ರಷ್ಷಿನಲ್ಲಿ ಪೂರ್ತಿ ತೆಗೆಯುವುದು, ಪೊರೆ ಬೇಡವೇ ಬೇಡ. ಸತ್ತದ್ದನ್ನು ಬಿಟ್ಟರೆ ಮುಂದೆ ಬರುವುದಕ್ಕೆ ಅದೇ ಊಟ. ಇನ್ನು ಮೂರು ಹಾಗೇ ಬಿಟ್ಟದ್ದು. ಏಳು ವಾರವಾದ ಮೇಲೆ ಸಮಿತಿ ಬಂದು ನೋಡುತ್ತದೆ.

ಅವನ ಮದ್ದನ್ನೂ ನಾನೇ ಬಳಿದೆ, ಅವನ ಚೀಟಿಯಲ್ಲಿದ್ದ ಹಾಗೆಯೇ, ಒಂದು ಹನಿ ಹೆಚ್ಚುಕಡಿಮೆ ಇಲ್ಲದೆ. ಅಳತೆ ತಪ್ಪಿದಳು ಅನ್ನುವುದಕ್ಕೆ ಈ ಸಲ ಜಾಗ ಕೊಡುವುದಿಲ್ಲ.

ಜೂನ್ ೧೯, ಬುಧವಾರ

ಬಂದಿದ್ದ. ಕೋಲು ಹಿಡಿದಿದ್ದಾನೆ. ಎಪ್ಪತ್ತು ದಾಟಿ ನಾಲ್ಕೈದು ವರ್ಷವಾಗಿರಬೇಕು. ಧ್ವನಿ ಮಾತ್ರ ಹಿಂದಿನದೇ.

"ಏನಮ್ಮಾ, ಇನ್ನೂ ಕಲ್ಲು ಬಿಟ್ಟಿಲ್ವಾ ನೀನು?"

ಬಿಡಿಸಿದವನು ಕೇಳುವ ಮಾತೇ ಇದು?

ಚೌಕಗಳ ಮುಂದೆ ನಿಂತ. ತನ್ನ ಮೂರನ್ನು ಬೆರಳ ತುದಿಯಲ್ಲಿ ಸವರಿದ. ಆಮೇಲೆ ನಿರ್ದೇಶಕಿಯ ಕಡೆ ತಿರುಗಿ, ಅಲ್ಲಿದ್ದ ಎಂಟು ಜನಕ್ಕೂ ಕೇಳುವ ಹಾಗೆ ಹೇಳಿದ: "ನನ್ನ ಶಿಷ್ಯೆ. ಒಳ್ಳೇ ಕೈ. ಅಳತೆ ಒಂದು ನೋಡ್ಕೋಬೇಕು ಅಷ್ಟೆ."

ಎಲ್ಲರೂ ನಕ್ಕರು. ಅವನೂ ನಕ್ಕ. ಏಣಿ ಮಾತ್ರ ಹಗ್ಗ ನೋಡುತ್ತಾ ನಿಂತರು.

ಜೂನ್ ೨೦

ಅಳತೆ ಒಂದು ನೋಡ್ಕೋಬೇಕು. ಅಷ್ಟೆ.

ಅಷ್ಟೆ!

ಜೂನ್ ೨೮, ಶುಕ್ರವಾರ

ಅವನ ಚೌಕಗಳು ಕನ್ನಡಿ. ನನ್ನ ಮೂರರಲ್ಲಿ ಒಂದರ ಮೂಲೆಗೆ ಆಗಲೇ ತಿಳಿಹಸಿರು ಇಣುಕಿದೆ.

ಆಶ್ಚರ್ಯವೇನಿಲ್ಲ. ಪೊರೆ ಮೊದಲ ವರ್ಷ ಚೆಂದವೇ ಕಾಣುತ್ತದೆ. ಎರಡನೇ ವರ್ಷ ಒಳಗಿಂದ ಕೊಳೆಯುತ್ತದೆ. ಸಮಿತಿ ನೋಡುವುದು ಏಳು ವಾರ ಮಾತ್ರ. ಏಳು ವಾರದಲ್ಲಿ ಗೆಲ್ಲುವುದು ಸುಳ್ಳೇ. ಅವನಿಗೂ ಇದು ಗೊತ್ತು, ಅದಕ್ಕೇ ಅಷ್ಟು ಹಾಯಾಗಿ ನಗುತ್ತಾನೆ.

ದಿನವಿಡೀ ಒಂದೇ ಯೋಚನೆ. ಎರಡು ವರ್ಷವಾದ ಮೇಲೆ ಕಾಣಬೇಕಾದ್ದನ್ನು ಎರಡು ತಿಂಗಳಲ್ಲಿ ಕಾಣಿಸಿದರೆ ಅದು ಸುಳ್ಳಾಗುತ್ತದೆಯೇ? ಇಲ್ಲದ್ದನ್ನು ನಾನು ಹುಟ್ಟಿಸುತ್ತಿಲ್ಲ. ಬರುವುದನ್ನು ಸ್ವಲ್ಪ ಬೇಗ ಕರೆಯುತ್ತಿದ್ದೇನೆ.

ಜುಲೈ ೩, ಬುಧವಾರ

ದೋಣಿಯ ಕೆಳಗಿಂದ ಕೆರೆದ ಹಸಿರು ಒಂದು ಲೋಟ. ಹುಳಿ ಮೊಸರು ಎರಡು ಲೋಟ, ಅಂಟಿಕೊಳ್ಳಲಿ ಅಂತ. ಸಕ್ಕರೆ, ಹೂಕುಂಡಕ್ಕೆ ಹಾಕುವ ಗೊಬ್ಬರದ ಪುಡಿ ಒಂದು ಚಮಚ. ಅತ್ತೆ ಸ್ನಾನಕ್ಕೆ ಹೋದಾಗ ಮಿಕ್ಸಿಯಲ್ಲಿ ಹಾಕಿ ತಿರುಗಿಸಿದೆ. ಜಾರ್ ಮೂರು ಸಲ ತೊಳೆದಿಟ್ಟೆ.

ಬೆಳಿಗ್ಗೆ ಏಳಕ್ಕೆ, ಕಚೇರಿಯ ಜನ ಬರುವ ಮೊದಲೇ ಅವನ ಮೂರು ಚೌಕಗಳಿಗೂ ಬಳಿದೆ. ತೆಳ್ಳಗೆ, ನೀಟಾಗಿ. ನನಗೆ ಒಳ್ಳೇ ಕೈ ಇದೆ ಅಂದವನು ಅವನೇ ತಾನೆ?

ಏಣಿ ಕೆಳಗೆ ಸಾರುವೆಯ ಬೊಂಬು ಹಿಡಿದು ನಿಂತಿದ್ದ. ಮೂಗು ಅರಳಿಸಿದ. "ಏನ್ ಮೇಡಂ ಇದು, ಮೊಸರಿನ ವಾಸನೆ ಬರ್ತಿದೆ?"

"ನಿನಗೇನು ಗೊತ್ತು, ಸುಮ್ನೆ ಹಿಡ್ಕೊ" ಅಂದೆ.

ಸುಮ್ಮನೆ ಹಿಡಿದುಕೊಂಡ. ಸುಮ್ಮನಿರುವುದು ಅವನಿಗೆ ಹೊಸದಲ್ಲವಲ್ಲ.

ಜುಲೈ ೯, ಮಂಗಳವಾರ

ಆರು ದಿನ ಜಿಟಿಜಿಟಿ ಮಳೆ. ನಾನೇ ಹೇಳಿ ತರಿಸಿದ ಹಾಗಿತ್ತು. ಅವನ ಮೂರು ಚೌಕಗಳಿಗೂ ಹಸಿರು ಚಿಗುರಿದೆ! ಇನ್ನೊಂದು ಸಲ ಬಳಿದೆ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಈ ಮನೇಲಿ ಮೊಸರು ನಿಲ್ತಾ ಇಲ್ಲ. ಪಕ್ಕದ್ಮನೆ ಬೆಕ್ಕಿಗೆ ಇವತ್ತಿಂದ ನಮ್ಮನೆ ಹಾಲು ಬಂದ್."

"ಆ ಬೆಕ್ಕೇ ಇರ್ಬೇಕು" ಅಂದೆ.

ಜುಲೈ ೧೬, ಮಂಗಳವಾರ

ನಿರ್ದೇಶಕಿ ಸಾರುವೆ ಹತ್ತಿ ನೋಡಿದರು. ಫೋಟೋ ತೆಗೆದರು. "ಇಷ್ಟು ಬೇಗಾ?" ಅಂದರು.

"ಪೊರೆಯ ಕೆಳಗೆ ತೇವ ನಿಂತರೆ ಹೀಗೇ ಮೇಡಂ" ಅಂದೆ. ಮುಖದ ಒಂದು ನರವೂ ಅಲುಗಲಿಲ್ಲ. ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಅವರು ಇಳಿದು ಹೋದ ಮೇಲೆ ಏಣಿ ಹತ್ತಿರ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಮೇಡಂ, ಆವತ್ತು ನಾನು ಹೇಳ್ಬೇಕಿತ್ತು. ಕೇಳಿಸಿತ್ತು ನನಗೆ. ಮೂರು ಪಟ್ಟು ಅಂದಿದ್ದು ಕೇಳಿಸಿತ್ತು. ಮಗಳು ಆಗ ಆಸ್ಪತ್ರೇಲಿದ್ಲು. ಕೆಲಸ ಹೋದ್ರೆ ಅಂತ..."

ಹನ್ನೊಂದು ವರ್ಷ ಈ ಮಾತಿಗೆ ಕಾದಿದ್ದೆ. ಬಂದಾಗ ಏನೂ ಅನ್ನಿಸಲಿಲ್ಲ.

"ಆವತ್ತು ಹೇಳ್ಲಿಲ್ಲ. ಇವತ್ತೂ ಹೇಳ್ದೇ ಇದ್ರೆ ಸಾಕು" ಅಂದೆ.

ಟೋಪಿ ಹಾಕಿಕೊಂಡು ಹೋದ.

ಸಂಜೆ ನಾಳೆಯ ಕೆಲಸ ಹೇಳಲು ಅವನಿಗೆ ಫೋನ್ ಮಾಡಿದೆ. ಇಟ್ಟ ಮೇಲೆ ಅತ್ತೆ ಕೇಳಿದರು: "ಯಾರ್ನೇ ಹಾಗೆ ಗದರ್ತಿದ್ದೆ?"

"ಗದರಲಿಲ್ಲ ಅತ್ತೆ. ಕೆಲಸ ಹೇಳಿದೆ."

"ಓಹೋ" ಅಂದರು. ಅವರ ಆ ಓಹೋ ನನಗೆ ಆಗುವುದೇ ಇಲ್ಲ.

ಜುಲೈ ೨೨, ಸೋಮವಾರ

ಮೂರನೇ ಸಲ ಬಳಿದೆ. ಇನ್ನು ಬೇಕಾಗಿಲ್ಲ. ಈಗ ಅದು ತಾನೇ ತಾನಾಗಿ ದಟ್ಟವಾಗುತ್ತಿದೆ.

ಪಕ್ಕದ್ಮನೆ ಬೆಕ್ಕು ಹಿತ್ತಲಲ್ಲಿ ಕೂತು ಕೂಗುತ್ತಿದೆ. ಕಿಟಕಿ ಹಾಕಿದೆ.

ಜುಲೈ ೩೦, ಮಂಗಳವಾರ

ಸಮಿತಿ ಬಂತು. ಐದು ಜನ, ಐದು ಛತ್ರಿ. ಜತೆಗೆ ಅವನು.

ಕಣ್ಣು ಪೂರ್ತಿ ಹೋಗಿದೆ ಅವನಿಗೆ, ಇವತ್ತು ಗೊತ್ತಾಯಿತು. ಚೌಕದ ಬಣ್ಣ ಕಾಣಿಸುತ್ತಲೇ ಇರಲಿಲ್ಲ. ಯಾರೋ "ಹಸಿರಾಗಿದೆ ಸರ್, ನಿಮ್ಮ ಮೂರೂ" ಅಂದರು. ಅವನ ಮುಖ ಬಿದ್ದುಹೋಯಿತು. ಆ ಒಂದು ಗಳಿಗೆ! ಅದನ್ನು ಗಾಜಿನ ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳಲು ಆಗಿದ್ದರೆ!

ಆಮೇಲೆ ಅವನು ಕೋಲು ಬದಿಗಿಟ್ಟು ಗೋಡೆಗೆ ಅಂಗೈ ಇಟ್ಟ. ನಿಧಾನವಾಗಿ ಸವರಿದ. ಉಗುರಲ್ಲಿ ಕೆರೆದು ಮೂಗಿನ ಹತ್ತಿರ ಹಿಡಿದ. ಮತ್ತೆ ಸವರಿದ, ಈ ಸಲ ಚೌಕದ ಅಂಚಿನ ಉದ್ದಕ್ಕೂ.

"ಪಾಚಿ ಸಂದಿಯಿಂದ ಹೊರಡುತ್ತೆ, ಇಲ್ಲ ನೀರು ಇಳಿಯೋ ದಾರೀಲಿ ಬರುತ್ತೆ. ಇದು ಮೂಲೆಯಿಂದ ಮೂಲೆಗೆ ಒಂದೇ ಸಮ ಇದೆ. ಬ್ರಷ್ಷಿನ ಗೆರೆ ಕೈಗೆ ಸಿಗ್ತಿದೆ" ಅಂದ. ಬೆರಳು ಒರೆಸಿಕೊಂಡು, "ಇದಕ್ಕೆ ಯಾರೋ ಊಟ ಹಾಕಿದಾರೆ" ಅಂದ.

ಛತ್ರಿಗಳ ಮೇಲೆ ಮಳೆ ಬೀಳುತ್ತಿತ್ತು.

ನಿರ್ದೇಶಕಿ ಎರಡು ಸೀಸೆಗೆ ಮಾದರಿ ತೆಗೆಸಿದರು. ಹೊರಗಿನ ಪ್ರಯೋಗಾಲಯಕ್ಕೆ ಕಳಿಸುತ್ತಾರಂತೆ.

ಅವನು ನನ್ನ ಕಡೆ ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ.

ಆಗಸ್ಟ್ ೧

ಕಣ್ಣು ಕಾಣದ ಮುದುಕ, ಬೆರಳಲ್ಲಿ ಹಿಡಿದ. ಅದೂ ನನಗೆ ಕಲಿಸಿದ ಬೆರಳಲ್ಲೇ.

ಆಗಸ್ಟ್ ೬, ಮಂಗಳವಾರ

ವರದಿ ಬಂತು. ಹಾಲಿನ ಅಂಶ, ಸಕ್ಕರೆ, ಗೊಬ್ಬರ.

ನಿರ್ದೇಶಕಿಯ ಕೋಣೆಯಲ್ಲಿ ನಾನು, ಸಮಿತಿಯ ಇಬ್ಬರು, ಏಣಿ. ಒಬ್ಬರು ಕೇಳಿದರು: "ಸಾರುವೆ ಮೇಲೆ ಕೂತು ಊಟ ಮಾಡೋರು ಯಾರು?" ಇನ್ನೊಬ್ಬರು: "ಅಂಗಳದ ಹೂಕುಂಡಗಳಿಗೆ ಗೊಬ್ಬರ ಹಾಕೋರು ಯಾರು?" ಎರಡಕ್ಕೂ ಒಂದೇ ಉತ್ತರ. ಏಣಿ.

ಅವನು ಈಗ ನನ್ನ ಕಡೆ ಬೆರಳು ತೋರಿಸುತ್ತಾನೆ ಅಂತ ಕಾದೆ. ಏಣಿ ನೆಲ ನೋಡಿದ.

"ಅಲ್ಲೇ ಡಬ್ಬಿ ತೊಳೀತಿದ್ದೆ ಸರ್. ಗೊಬ್ಬರದ ಕೈಲೇ ಗೋಡೆ ಮುಟ್ಟಿರಬಹುದು. ನನ್ನದೇ ತಪ್ಪು."

ಡಬ್ಬಿ ತೊಳೆದ ನೀರು ಬ್ರಷ್ಷಿನ ಗೆರೆ ಎಳೆಯುತ್ತದೆಯೇ? ಅಲ್ಲಿದ್ದ ಯಾರಿಗೂ ಆ ಪ್ರಶ್ನೆ ಬೇಕಿರಲಿಲ್ಲ. ನಿರ್ದೇಶಕಿ ಮಾತ್ರ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಕಡತದಲ್ಲಿ ಒಂದು ಸಾಲು ಬರೆದರು. ನಾಳೆಯಿಂದ ಏಣಿ ಬರುವ ಹಾಗಿಲ್ಲ.

ನನ್ನ ಮೂರು ಚೌಕ ಉಳಿದವು. ಆವತ್ತು ಅವನ ಬಾಯಿ ಮುಚ್ಚಿತ್ತು, ಇವತ್ತು ನನ್ನದು. ಸರಿಹೋಯಿತು.

ಅತ್ತೆ ಎರಡು ಸಲ ಕರೆದರೂ ಊಟಕ್ಕೆ ಏಳಲಿಲ್ಲ. ತಲೆನೋವು.

ಆಗಸ್ಟ್ ೭, ಬುಧವಾರ

ಏಣಿಯ ಮನೆ ಹುಡುಕಿಕೊಂಡು ಹೋದೆ. ಮಾರುಕಟ್ಟೆಯ ಹಿಂದಿನ ಓಣಿ, ಎರಡನೇ ಮಹಡಿ. ಅವನ ಹೆಂಡತಿ ಬಾಗಿಲು ತೆಗೆದಳು, ನನ್ನನ್ನು ನೋಡಿ ಬೆನ್ನು ತಿರುಗಿಸಿ ಒಳಗೆ ಹೋದಳು. ಅವಳಿಗೆ ಎಲ್ಲ ಗೊತ್ತಿದೆ.

ಏಣಿ ನೆಲದ ಮೇಲೆ ಕೂತು ಹಗ್ಗ ಸುತ್ತುತ್ತಿದ್ದ.

"ಯಾಕೆ ಹಾಗೆ ಹೇಳಿದ್ರಿ?" ಅಂದೆ.

"ಆವತ್ತು ಹೇಳ್ಬೇಕಾದ್ದು ಹೇಳ್ಲಿಲ್ಲ. ಇವತ್ತು ಹೇಳ್ಬಾರದ್ದು ಹೇಳ್ದೆ. ಅಲ್ಲಿಗಲ್ಲಿಗೆ ಆಯ್ತು ಮೇಡಂ" ಅಂದರು. ನಗುತ್ತಿದ್ದರು ಬೇರೆ.

"ನಿಮ್ಮ ಔದಾರ್ಯ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ. ಕಾಫಿ ಕುಡೀತೀರಾ?"

ಸಿಟ್ಟು ನೆತ್ತಿಗೇರಿತು. ಮೆಟ್ಟಿಲಿಳಿದು ಬಂದುಬಿಟ್ಟೆ.

ಮನೆಗೆ ಬಂದಾಗ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. "ಏನ್ ಮಾಡಿದೀಯ ಹೇಳು" ಅಂದರು, ತಲೆಯೆತ್ತದೆ. ಹೇಳಿದೆ. ಮಿಕ್ಸಿಯಿಂದ ಹಿಡಿದು ಎಲ್ಲ.

"ಹಂಗಾದ್ರೆ ಆ ಬೆಕ್ಕು?"

"ಅದು ಮುಟ್ಟಿಲ್ಲ ಅತ್ತೆ."

"ಅಯ್ಯೋ ಪಾಪ! ಒಂದು ತಿಂಗಳಾಯ್ತಲ್ಲೇ ಅದರ ಹಾಲು ನಿಲ್ಲಿಸಿ!" ಎದ್ದವರೇ ಬಟ್ಟಲಿಗೆ ಹಾಲು ಹೊಯ್ದುಕೊಂಡು ಹಿತ್ತಲಿಗೆ ಹೋದರು. ನನಗೆ ಒಂದು ಮಾತು ಬೈಯಲಿಲ್ಲ. ಹಿತ್ತಲಿಂದ ಅವರು ಬೆಕ್ಕಿನ ಹತ್ತಿರ ಏನೋ ಗುನುಗುನು ಮಾತಾಡುವುದು ಕೇಳಿಸುತ್ತಿತ್ತು. ಕಿಟಕಿ ಹಾಕಬೇಕು ಅನ್ನಿಸಿತು. ಹಾಕಲಿಲ್ಲ.

ಆಗಸ್ಟ್ ೯, ಶುಕ್ರವಾರ

ನಿರ್ದೇಶಕಿಗೆ ಕಾಗದ ಬರೆದು ಕೈಯಾರೆ ಕೊಟ್ಟೆ. ಏನು ಬೆರೆಸಿದೆ, ಯಾವ ದಿನ, ಎಷ್ಟು, ಎಲ್ಲ ಇದೆ. ಏಣಿಗಾಗಿ ಬರೆದದ್ದಲ್ಲ. ಸೇಡು ನನ್ನದು. ಇನ್ನೊಬ್ಬರು ಅದನ್ನು ತಮ್ಮ ತಲೆ ಮೇಲೆ ಹೊತ್ತುಕೊಂಡು ಓಡಾಡುವುದು ನನಗೆ ಬೇಡ.

ಆಕೆ ಎರಡು ಸಲ ಓದಿದರು. ಮೇಜಿನ ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದು ನನ್ನ ಮುಂದೆ ತಳ್ಳಿದರು.

"ಜೂನಲ್ಲಿ ನೀವು ತೆಗೆದುಕೊಟ್ಟಿದ್ದ ಹಳೇ ಗೋಡೆ ಮಾದರೀನೂ ಕಳಿಸಿದ್ದೆ, ದೋಣಿಯಿಂದ ದೂರದ್ದು. ಓದಿ."

ಓದಿದೆ. ನೀರು ಸೋರದ ಕಡೆಯೂ ಪೊರೆಯ ಹಿಂದೆ ಉಪ್ಪು ಕಟ್ಟಿದೆ, ಕಲ್ಲು ಉಗುರಿನಷ್ಟು ದಪ್ಪಕ್ಕೆ ಬಿಟ್ಟುಕೊಂಡಿದೆ.

"ಇದೊಂದೇ ಸಾಕಾಗಿತ್ತು. ನೀವು ಏನೂ ಮಾಡದೆ ಮನೇಲಿ ಮಲಗಿದ್ರೂ ಸಾಕಾಗಿತ್ತು! ಈಗ ಯಾರು ನಂಬ್ತಾರೆ? ಆ ಮಾದರಿ ತೆಗೆದದ್ದೂ ನಿಮ್ಮ ಕೈನೇ" ಅಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಪರೀಕ್ಷೆ ರದ್ದು. ಏಣಿ ಸೋಮವಾರದಿಂದ ಕೆಲಸಕ್ಕೆ ಬರಬಹುದು. ನಾನು ಬರುವ ಹಾಗಿಲ್ಲ.

ಪದಕ ಅವನಿಗೆ.

ಆಗಸ್ಟ್ ೧೪

ಸಮಾಧಿ ಕಲ್ಲು, ಎರಡು. ಕಲ್ಲುಹೂವು ಬಹಳ ಇತ್ತು. ಬಿಡಿಸಲಿಲ್ಲ, ನೀರು ಹಾಕಿ ಬಿಟ್ಟು ಬಂದೆ.

ಆಗಸ್ಟ್ ೨೪, ಶನಿವಾರ

ಹೋಗಬಾರದು ಅಂತಲೇ ಇದ್ದೆ. ಹೋದೆ. ಸಭಾಂಗಣದ ಕೊನೇ ಸಾಲಿನಲ್ಲಿ ಕಂಬದ ಮರೆಗೆ ಕೂತೆ.

ಪದಕ ತೊಡಿಸಿದರು. ಮೈಕಿನ ಮುಂದೆ ಬಂದ. ಗಂಟಲು ಸರಿಮಾಡಿಕೊಂಡ.

"ಹನ್ನೊಂದು ವರ್ಷದ ಹಿಂದೆ ಗ್ರಂಥಾಲಯದ ಹದಿನಾಲ್ಕು ಮುಖಗಳು ಹಾಳಾದವು. ಮೂರು ಪಟ್ಟು ಮಾಡು ಅಂದವನು ನಾನು. ಬೇಡ ಅಂದವಳು ನನ್ನ ವಿದ್ಯಾರ್ಥಿನಿ. ನಾನು ಉಳಿದೆ, ಅವಳು ಹೋದಳು. ನನ್ನ ಈ ಲೇಪದಲ್ಲೂ ತಪ್ಪಿರಬಹುದು. ಹೊಸಬರು ಮತ್ತೆ ಪರೀಕ್ಷೆ ಮಾಡೋವರೆಗೂ ಇನ್ಯಾವ ಕಟ್ಟಡಕ್ಕೂ ಹಾಕ್ಬೇಡಿ."

ಇಡೀ ಸಭೆ ಎದ್ದು ನಿಂತು ಚಪ್ಪಾಳೆ! ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು "ಎಂಥಾ ದೊಡ್ಡ ಮನಸ್ಸು ಅಲ್ವಾ?" ಅಂದಳು, ನನಗೇ!

ನೋಡಿ ಇವನ ಭಾಗ್ಯ! ನಾನು ತಪ್ಪು ಒಪ್ಪಿಕೊಂಡರೆ ಬಾಗಿಲು ತೋರಿಸಿದರು. ಅವನು ಒಪ್ಪಿಕೊಂಡರೆ ಎದ್ದು ನಿಂತರು. ಮಾಡಿದ ಪಾಪಕ್ಕೂ ಪದಕಕ್ಕೂ ಒಟ್ಟಿಗೇ ಚಪ್ಪಾಳೆ ಗಿಟ್ಟಿಸಿಕೊಂಡ. ಸತ್ಯ ಹೇಳಿದನಲ್ಲ ಅಂತ ಸಂತೋಷ ಪಡಬೇಕಂತೆ ನಾನು. ಆ ಸತ್ಯ ಹನ್ನೊಂದು ವರ್ಷ ನನ್ನ ಒಬ್ಬಳ ಸ್ವತ್ತಾಗಿತ್ತು. ಅದನ್ನೂ ಕಿತ್ತುಕೊಂಡ.

ಎದ್ದು ಬರುವಾಗ ಕುರ್ಚಿಯನ್ನು ಬೇಕೆಂದೇ ಸದ್ದಾಗುವ ಹಾಗೆ ಮಡಚಿದೆ. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಅತ್ತೆಗೆ ಹೇಳಿದೆ. "ಮತ್ತೇನಾಗ್ಬೇಕಿತ್ತು ನಿನಗೆ?" ಅಂದರು.

ಅದಕ್ಕೇ ಇನ್ನೂ ಸಿಟ್ಟು ಬಂತು.

ಸೆಪ್ಟೆಂಬರ್ ೫, ಗುರುವಾರ

ಇಲಾಖೆಯ ಕಾಗದ. ಹಳೆಯ ಆರೋಪ ತೆಗೆದುಹಾಕಿದ್ದಾರೆ. ಅದರ ಕೆಳಗೇ ಹೊಸದು ಸೇರಿಸಿದ್ದಾರೆ: ಪರೀಕ್ಷೆಯಲ್ಲಿ ಕೈಚಳಕ, ಮೂರು ವರ್ಷ ಯಾವ ವರದಿಗೂ ಸಹಿ ಹಾಕುವಂತಿಲ್ಲ. ಒಂದು ಹೋಯಿತು, ಒಂದು ಬಂತು. ಈ ಸಲದ್ದು ನಿಜ, ಅಷ್ಟೇ ವ್ಯತ್ಯಾಸ.

ಮಧ್ಯಾಹ್ನ ಏಣಿ ಫೋನ್ ಮಾಡಿದರು. ಉತ್ತರ ಗೋಡೆಯ ಕೆಲಸ ಅವರಿಗೆ ಕೊಟ್ಟಿದ್ದಾರೆ. ದೋಣಿ ಸರಿಮಾಡುವುದು, ಬಿಟ್ಟುಕೊಂಡ ಪೊರೆ ತೆಗೆಯುವುದು, ಪಾಚಿ ತೊಳೆಯುವುದು. ಆಳುಗಳನ್ನು ಅವರೇ ಆರಿಸಿಕೊಳ್ಳಬಹುದು.

"ಬರ್ತೀರಾ ಮೇಡಂ? ಸಲಹೆ ಕೊಡೋಕಲ್ಲ. ಬ್ರಷ್ ಹಿಡಿಯೋಕೆ."

"ನಿಮ್ಮ ಕೈ ಕೆಳಗಾ?"

"ನನ್ನ ಕೈ ಮೇಲೆ. ನಾನು ಕೆಳಗೆ ಬೊಂಬು ಹಿಡ್ಕೊಂಡಿರ್ತೀನಿ" ಅಂದು ಜೋರಾಗಿ ನಕ್ಕರು.

ಯೋಚಿಸಿ ಹೇಳ್ತೀನಿ ಅಂದೆ. ಅತ್ತೆ ಆಗಲೇ ನನ್ನ ರಬ್ಬರ್ ಬೂಟು ಹುಡುಕಲು ಹೋಗಿದ್ದರು.

ಸೆಪ್ಟೆಂಬರ್ ೨೦, ಶುಕ್ರವಾರ

ನಾನೂ ಗೋಡೆ ಹತ್ತಿ ಹನ್ನೆರಡು ದಿನವಾಯಿತು. ದೋಣಿಗೆ ಹೊಸ ತಗಡು ಬಿದ್ದಿದೆ. ಸೂರಿನ ಕೆಳಗೆ ಉದ್ದಕ್ಕೂ ತಾಮ್ರದ ಪಟ್ಟಿ ಹೊಡೆದಿದ್ದೇವೆ. ಅದನ್ನು ತೊಳೆದು ಇಳಿಯುವ ಮಳೆನೀರು ಪಾಚಿಗೆ ಆಗಿಬರುವುದಿಲ್ಲ. ನಾಲ್ಕು ಕಿಟಕಿ ಮುಗಿದವು. ಕಲ್ಲುಹೂವನ್ನು ಕೆರೆಯುತ್ತಿಲ್ಲ, ಮದ್ದು ಹಾಕಿ ವಾರಗಟ್ಟಲೆ ಒಣಗಲು ಬಿಡುತ್ತಿದ್ದೇವೆ. ಇಲ್ಲದಿದ್ದರೆ ಕಲ್ಲನ್ನೂ ಎಳೆದುಕೊಂಡೇ ಬರುತ್ತದೆ. "ಮೇಡಂ, ನೀರು ಜಾಸ್ತಿ ಆಯ್ತು" ಅಂತ ಏಣಿ ದಿನಕ್ಕೆ ಹತ್ತು ಸಲ ಕೆಳಗಿಂದ ಕೂಗುತ್ತಾರೆ. ಹತ್ತರಲ್ಲಿ ಎರಡು ಸಲ ನಿಜವಾಗಿಯೂ ಜಾಸ್ತಿಯಾಗಿರುತ್ತದೆ.

ಹನ್ನೊಂದು ಗಂಟೆಗೆ ಮೇಷ್ಟ್ರು ಬಂದರು. ಒಬ್ಬರೇ, ಕೋಲು ಕುಟ್ಟುತ್ತಾ. ನಾನು ಮೇಲಿರುವುದು ಅವರಿಗೆ ಗೊತ್ತಿರಲಿಲ್ಲ. ಸರಿಯಾಗಿ ನನ್ನ ಕೆಳಗೇ ನಿಂತು, ತೊಳೆದ ಕಲ್ಲಿಗೆ ಅಂಗೈ ಒತ್ತಿದರು. ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ನೆತ್ತಿಯ ಬಿಳಿಗೂದಲು ಗಾಳಿಗೆ ಅಲ್ಲಾಡುತ್ತಿತ್ತು.

ನನ್ನ ಕೈಯಲ್ಲಿ ತುಂಬಿದ ಬಕೆಟ್ಟು. ಬೆಳಿಗ್ಗೆಯಿಂದ ಉಜ್ಜಿದ್ದೆಲ್ಲ ಅದರಲ್ಲೇ ಇತ್ತು, ಕಪ್ಪು, ಹಸಿರು, ಕೊಳೆತ ವಾಸನೆ. ಗೋಡೆ ಬುಡದ ಗಾರೆಯ ಕಾಲುವೆಗೆ ಸುರಿಯುವ ಜಾಗವೂ ಅದೇ. ಕೈ ತಪ್ಪಿತು ಅಂದರೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಏಣಿ ಆ ತುದಿಯಿಂದ ನೋಡುತ್ತಿದ್ದರು.

"ಸರ್, ಜರುಗಿ. ನೀರು ಬೀಳುತ್ತೆ" ಅಂದೆ.

ಧ್ವನಿ ಬಂದ ಕಡೆ ಮುಖ ಎತ್ತಿದರು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು.

"ಕೆಳಗಿಂದ ಮೇಲಕ್ಕೆ ಒದ್ದೆ ಮಾಡ್ಕೋ, ಆಮೇಲೆ ಉಜ್ಜು. ಇಲ್ಲಾ ಅಂದ್ರೆ ಪಟ್ಟೆಪಟ್ಟೆ ಆಗುತ್ತೆ" ಅಂದರು.

"ಗೊತ್ತು ಸರ್."

"ಗೊತ್ತಿರುತ್ತೆ, ಗೊತ್ತಿರುತ್ತೆ" ಅನ್ನುತ್ತಾ ಎರಡು ಹೆಜ್ಜೆ ಜರುಗಿದರು.

ನೀರು ಸಿಡಿಯದಿರಲು ಮೂರು ಬೇಕಿತ್ತು. ನಾನು ಹೇಳಲಿಲ್ಲ. ಸುರಿದೆ.